ಜ್ವಾಲಾಮುಖಿ ದರ್ಶನ, ಊಟ ಸೇರಿ

ಬರೆದದ್ದು ನಾನಲ್ಲ. ಟೆಂಪೊ ಮಾಲಕ ಪೆಡ್ನೇಕರ ಬರೆಸಿದ್ದು,
ಕಾರವಾರ ಬಸ್‌ಸ್ಟ್ಯಾಂಡಿನೆದುರು, ಕೆಂಪು ಫ್ಲೆಕ್ಸಿನ ಮೇಲೆ:
‘ಯಾಣ. ಜ್ವಾಲಾಮುಖಿ ದರ್ಶನ. ಒಂದು ದಿನ. ಊಟ ಸೇರಿ.’
ಬಾಯಿಪಾಠ ಮಾಡಿ ಹೇಳಿದವ ಮಾತ್ರ ನಾನು,
ಆರು ವರ್ಷ, ವಾರಕ್ಕೆ ನಾಲ್ಕು ಸಲ,
ಮೈಕು ಕೆಟ್ಟ ದಿನ ಬರೀ ಗಂಟಲಲ್ಲೇ.

ಇವತ್ತು ಹನ್ನೊಂದು ಜನ. ಅಂಕೋಲೆ ದಾಟುವಾಗ ಒಬ್ಬರಿಗೆ ವಾಂತಿ,
ಕುಮಟೆಯಲ್ಲಿ ಬನ್ಸು, ಚಾ.
ಕತಗಾಲದಾಚೆ ತಿರುವು ಶುರುವಾದ ಮೇಲೆ ಯಾರ ಫೋನಿಗೂ ಸಿಗ್ನಲ್ಲಿಲ್ಲ;
ಆಗ ನಾನೇ ಅವರ ಸುದ್ದಿ, ನಾನೇ ಸಿನೆಮಾ.
‘ಕೋಟಿ ವರ್ಷದ ಹಿಂದೆ ಇಲ್ಲಿ ನೆಲ ಬಾಯಿ ತೆರೆಯಿತು.
ಉಕ್ಕಿದ ಬೆಂಕಿ ನಿಂತಲ್ಲೇ ಕಪ್ಪಗೆ ಆರಿತು.
ಹಿರಿಯರು ಭಸ್ಮಾಸುರ ಅಂದರು, ನಾವು ಲಾವಾ ಅನ್ನುತ್ತೇವೆ.’
ಇಲ್ಲಿ ಒಂದು ಗಳಿಗೆ ಸುಮ್ಮನಾಗಬೇಕು.
ಸುಮ್ಮನಾದಷ್ಟೂ ಟಿಪ್ಸು ಹೆಚ್ಚು.

ಮರಗಳ ನಡುವಿಂದ ಅದು ಎದ್ದಾಗ
ಹಾಗೇ ಕಾಣುತ್ತದೆ ಕೂಡ.
ಒಲೆಯಿಂದ ಈಗಷ್ಟೇ ಇಳಿಸಿದ ಹಂಡೆಯ ತಳದ ಕಪ್ಪು,
ಕುತ್ತಿಗೆ ನೋಯುವಷ್ಟು ಎತ್ತರ,
ಸೊಂಟದ ಸುತ್ತ ಜೋತುಬಿದ್ದ ಹೆಜ್ಜೇನು.
ಚಪ್ಪಲಿ ಬಿಟ್ಟು ಸೀಳಿನೊಳಗೆ ಹೊಕ್ಕೆವು.
ಹುಬ್ಬಳ್ಳಿಯ ಹುಡುಗ ನಿಹಾಲ ಕಲ್ಲಿಗೆ ಕೆನ್ನೆ ಒತ್ತಿ
‘ಅಂಕಲ್, ತಣ್ಣಗಿದೆ’ ಅಂದ,
ಯಾರೋ ಮೋಸ ಮಾಡಿದರೆನ್ನುವ ಹಾಗೆ.
‘ಒಳಗೆ ಬಿಸಿ ಇರ್ತದೆ ಮರಿ.’
ಇದೂ ಬಾಯಿಪಾಠವೇ.

ಊಟದ ಹೊತ್ತಿಗೆ ಧಾರವಾಡದ ಹಂಚಿನಮನಿ ಮೇಡಂ,
ಬೆಳಗಿನಿಂದ ಒಂದು ಮಾತಾಡಿದವರಲ್ಲ,
ಚಿತ್ರಾನ್ನದ ಜೊತೆ ಕೊಟ್ಟ ಲಿಂಬೆಹೋಳನ್ನು
ಉದುರಿಬಿದ್ದ ಒಂದು ಚಕ್ಕೆಯ ಮೇಲೆ ಹಿಂಡಿದರು.
ಹುಳಿ ಬಿದ್ದಲ್ಲಿ ಸಣ್ಣಗೆ ನೊರೆ.
ಕಿವಿ ಹತ್ತಿರ ತಂದರೆ ಕೇಳುವಷ್ಟು ಸದ್ದು.
‘ಇದು ಬೆಂಕಿ ಅಲ್ರೀ, ಸುಣ್ಣದಕಲ್ಲು.
ಸಮುದ್ರದ ತಳದಾಗ ಕೂತಿದ್ದು. ಕೆತ್ತಿದ್ದು ಮಳಿ ನೀರು.’
ನನ್ನ ಕಡೆ ನೋಡದೆ ಹೇಳಿದರು. ಅದು ಅವರ ದೊಡ್ಡತನ.

ಸುಣ್ಣ.
ನನಗೆ ಹೇಳಬೇಕೇ ಅದನ್ನು?
ಮಾಸೂರಿನ ಈರು ಅಂಬಿಗನಿಗೆ?
ನೀರಿಳಿದ ಹೊತ್ತು ಅಘನಾಶಿನಿಯ ಕೆಸರಲ್ಲಿ ನಿಂತು
ಕಾಲ್ಬೆರಳಲ್ಲಿ ಬಳಚು ಹುಡುಕಿದವಳ ಮಗನಿಗೆ?
ಮಾಂಸ ಮಾರಿ ಉಳಿದ ಚಿಪ್ಪು ಗೂಡಿಗೆ ಹೋಗುತ್ತಿತ್ತು.
ಗೆರಟೆಯ ಇದ್ದಲು ಒಂದು ಪದರ, ಚಿಪ್ಪು ಒಂದು ಪದರ,
ರಾತ್ರಿಯಿಡೀ ಅಬ್ಬೆ ತಿದಿ ಒತ್ತುವಳು.
ಬೆಳಿಗ್ಗೆ ನೋಡಿದರೆ ಬೆಂದ ಚಿಪ್ಪು ಬೆಳ್ಳಗೆ, ಹಗುರ, ತಣ್ಣಗೆ,
ಏನೂ ಆಗೇ ಇಲ್ಲ ಎನ್ನುವಂತೆ.
ಆಮೇಲೆ ಒಂದು ತಂಬಿಗೆ ನೀರು.
ಕೊತಕೊತ, ಹಬೆ, ಚಟಚಟ ಬಿರಿತ,
ಅಂಗಳವೇ ಒಂದು ಹೆಜ್ಜೆ ಹಿಂದೆ ಸರಿಯುವಂಥ ಕುದಿ!
ಹಾಗೊಂದು ಸಲ ಸಿಡಿದದ್ದು ಅವಳ ಎಡಗಣ್ಣಿಗೆ.
ಆ ಕಣ್ಣಲ್ಲಿ ಅವಳು ಕೊನೆತನಕ ಬಿಳಿಯನ್ನೇ ನೋಡಿದಳು.

ದಿನಕ್ಕೆ ಹತ್ತು ಸಲ ಕವಳ ಹಾಕುವಾಗ
ಎಲೆಯ ಬೆನ್ನಿಗೆ ಸುಣ್ಣ ತೀಡುತ್ತ
ಈ ಕಲ್ಲಿನ ಬುಡದಲ್ಲೇ ನಿಂತು ಲಾವಾ ಲಾವಾ ಎಂದವ ನಾನು.

ಹುಡುಗ ಬಿಡಲಿಲ್ಲ: ‘ಹಾಗಾದ್ರೆ ಒಳಗೆ ಬಿಸಿ ಇಲ್ವಾ?’
ಕೆಳಗೆ ಟೆಂಪೊ ಹಾರ್ನು ಹೊಡೆಯುತ್ತಿತ್ತು.
‘ಇದೆ’ ಅಂದೆ. ‘ಮೊದಲು ಸುಡಬೇಕು. ಆಮೇಲೆ ನೀರು ಹೊಯ್ಯಬೇಕು.’
ಮೇಡಂ ನಕ್ಕರೋ ಏನೋ;
ಕನ್ನಡಕದಲ್ಲಿ ಆಕಾಶದ ಚೂರು ಮಾತ್ರ ಕಂಡಿತು.

ವಾಪಸು ಬರುವಾಗ ಮೈಕು ಮುಟ್ಟಲಿಲ್ಲ.
ದಿವಗಿ ಸೇತುವೆ. ಕೆಳಗೆ ನೀರಿಳಿದಿತ್ತು.
ನಾಲ್ಕೈದು ಹೆಂಗಸರು ಸೊಂಟಮಟ್ಟ, ಪಕ್ಕದಲ್ಲಿ ತೇಲುವ ಡಬ್ಬ.
‘ಎಡಗಡೆ ನೋಡಿ’ ಅಂದುಬಿಟ್ಟೆ, ಪೆಡ್ನೇಕರನ ಪಟ್ಟಿಯಲ್ಲಿಲ್ಲದ ಜಾಗ.
ಹನ್ನೊಂದೂ ಜನ ಕತ್ತು ತಿರುಗಿಸಿದರು.
‘ಏನದು?’ ಕೇಳಿದರು ಯಾರೋ ಹಿಂದಿನ ಸೀಟಿನಿಂದ.
ಎಲ್ಲಿಂದ ಶುರುಮಾಡಲಿ ಎಂದು ಹೊಳೆಯದೆ
ಡ್ರೈವರಿಗೆ ಹೇಳಿದೆ:
ಸೇತುವೆ ದಾಟಿ ಬದಿಗೆ ಹಾಕು, ಐದು ನಿಮಿಷ.